ಜೇನ್ನೊಣಕ್ಕೆ ಅಮಲೇರಿದರೆ ಕಲಿಕೆ ಕೆಡುತ್ತದಾ? ನೀವೇ ಪರೀಕ್ಷೆ ಮಾಡಿ ನೋಡುವ ವಿಧಾನ

ಅಮಲೇರಿದ ಜೇನ್ನೊಣ ಅಂಗಾತ ಬಿದ್ದು ಕಾಲಾಡಿಸುವ ವಿಡಿಯೊಗಳು ಬೇಕಾದಷ್ಟು ಸಿಗುತ್ತವೆ. ನೋಡಿ ನಗಬಹುದು, ಅಷ್ಟೇ. ನೊಣದ ತಲೆಯೊಳಗೆ ಏನಾಯಿತು ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ವಾಸನೆಯ ಜೊತೆ ಸಕ್ಕರೆ ಕೊಟ್ಟು ಕಲಿಸಿದರೆ ನೊಣ ಆಮೇಲೆ ಬರೀ ವಾಸನೆಗೇ ನಾಲಿಗೆ ಚಾಚುತ್ತದೆ. ಮದ್ಯ ಕುಡಿದ ನೊಣ ಹೀಗೆ ಹೊಸ ವಾಸನೆಯೊಂದನ್ನು ಕಲಿಯಲಿಲ್ಲ ಅಂದುಕೊಳ್ಳಿ. ಅದು ನಿಜಕ್ಕೂ ಕಲಿಯಲಿಲ್ಲವಾ? ಇಲ್ಲಾ, ಕಲಿತರೂ ನಾಲಿಗೆ ಚಾಚಿ ತೋರಿಸುವ ತ್ರಾಣ ಇರಲಿಲ್ಲವಾ? ಹೊಟ್ಟೆ ತುಂಬಿತ್ತಾ? ವಾಸನೆಯೇ ತಿಳಿಯಲಿಲ್ಲವಾ? ಈ ನಾಲ್ಕನ್ನು ಬಿಡಿಸಿ ನೋಡದೆ "ಮದ್ಯದಿಂದ ಜೇನ್ನೊಣದ ಕಲಿಕೆ ಹಾಳಾಗುತ್ತದೆ" ಅಂತ ಪ್ರಾಜೆಕ್ಟ್ ವರದಿಯಲ್ಲಿ ಬರೆದರೆ ಅದು ಸುಮ್ನೆ ಬರೆದ ಮಾತು.

ಪ್ರಾಣಿಶಾಸ್ತ್ರ ಓದುತ್ತಿರುವ ಡಿಗ್ರಿ, ಎಂಎಸ್ಸಿ ವಿದ್ಯಾರ್ಥಿಗಳು, ಅವರ ಮೇಷ್ಟ್ರುಗಳು, ಮನೆಯಲ್ಲಿ ಎರಡು ಮೂರು ಪೆಟ್ಟಿಗೆ ಇಟ್ಟುಕೊಂಡು ತಲೆಯಲ್ಲಿ ಪ್ರಶ್ನೆ ತುಂಬಿಕೊಂಡಿರುವ ಜೇನು ಸಾಕಣೆದಾರರು, ಇವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೈಸ್ಕೂಲು ಮಕ್ಕಳಿಗೆ ಇದು ಬೇಡ. ಮದ್ಯವೂ ಇದೆ, ಕುಟುಕುವ ಹುಳವೂ ಇದೆ. ಜೇನು ಕುಟುಕಿದಾಗ ಯಾರಿಗಾದರೂ ಉಸಿರು ಕಟ್ಟಿದ್ದು, ಮೈಯೆಲ್ಲ ದದ್ದು ಎದ್ದದ್ದು ಇದ್ದರೆ ಅವರು ಈ ಕೆಲಸಕ್ಕೆ ಇಳಿಯಲೇಬಾರದು.

ಮೊದಲು ಯಾರು ಏನು ಮಾಡಿದ್ದಾರೆ

ಅಮೆರಿಕದ ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಚಾರ್ಲ್ಸ್ ಅಬ್ರಾಮ್‌ಸನ್ ಮತ್ತು ಜೊತೆಗಾರರು 2000ನೇ ಇಸವಿಯಲ್ಲಿ ಮೊದಲ ದೊಡ್ಡ ಕೆಲಸ ಪ್ರಕಟಿಸಿದರು. ಜೇನ್ನೊಣ ಎಥನಾಲ್ (ಮದ್ಯದಲ್ಲಿ ಅಮಲು ಬರಿಸುವ ಅಂಶ) ಬೆರೆಸಿದ ಸಕ್ಕರೆ ನೀರನ್ನು ಯಾರ ಒತ್ತಾಯವೂ ಇಲ್ಲದೆ ಕುಡಿಯುತ್ತದೆ, ಕುಡಿದ ಮೇಲೆ ಓಡಾಟವೂ ಕೆಡುತ್ತದೆ, ಕಲಿಕೆಯೂ ಕೆಡುತ್ತದೆ ಅಂತ ಅವರು ತೋರಿಸಿದರು. ಇಲಿಗೆ ಮದ್ಯ ಕುಡಿಸಲು ಎಷ್ಟು ಪಾಡು ಪಡಬೇಕು ಅನ್ನುವುದು ಗೊತ್ತಿದ್ದವರಿಗೆ ಇದು ಸಣ್ಣ ವಿಷಯವಲ್ಲ. 2006ರಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಇಯಾನ್ ಮೇಜ್, ಜೆರಾಲ್ಡಿನ್ ರೈಟ್, ಜೂಲಿ ಮಸ್ಟರ್ಡ್ ಚಲನೆಯ ಕಡೆ ಗಮನ ಕೊಟ್ಟರು. ಮದ್ಯದ ಪ್ರಮಾಣ ಏರಿದ ಹಾಗೆ ನೊಣ ನಡೆಯುವ ಹೊತ್ತು ಕಮ್ಮಿಯಾಗಿ, ಅಂಗಾತ ಬಿದ್ದಿರುವ ಹೊತ್ತು ಜಾಸ್ತಿಯಾಗುತ್ತದೆ ಅಂತ ಅಳೆದು ಹೇಳಿದರು. 2008ರಲ್ಲಿ ಮಸ್ಟರ್ಡ್ ಮತ್ತು ತಂಡ ವಾಸನೆ ಕಲಿಯುವುದರ ಮೇಲೆ, ಎರಡು ವಾಸನೆಗಳ ನಡುವೆ ವ್ಯತ್ಯಾಸ ಹಿಡಿಯುವುದರ ಮೇಲೆ ಮದ್ಯದ ಪರಿಣಾಮ ಏನು ಅಂತ ನೋಡಿತು. ಎರಡೂ ಕೆಡುತ್ತವೆ.

ಇವೆಲ್ಲ ಮೆಲ್ಲಿಫೆರಾ ಅನ್ನುವ ಯುರೋಪಿನ ಜೇನಿನ ಮೇಲೆ ನಡೆದ ಕೆಲಸ. ನಮ್ಮ ಮಲೆನಾಡಿನ ಪೆಟ್ಟಿಗೆಯಲ್ಲಿರುವ ತುಡುವೆ ಬೇರೆ ಜಾತಿ, ಗಾತ್ರದಲ್ಲೂ ಸಣ್ಣದು. ಹಾಗಾಗಿ ಅವರ ಅಂಕಿಗಳನ್ನು ತುಡುವೆಗೆ ಹಾಗೇ ಅಂಟಿಸಬೇಡಿ. ಹತ್ತಿರದ ಸಂಬಂಧಿ ಅಂದ ಮಾತ್ರಕ್ಕೆ ಒಂದೇ ಥರ ಇರಬೇಕಿಲ್ಲ. ಇಸ್ರೇಲಿನಲ್ಲಿ ಓರಿಯೆಂಟಲ್ ಹಾರ್ನೆಟ್ ಅನ್ನುವ ದೊಡ್ಡ ಕಣಜಕ್ಕೆ ಶೇ. 80ರಷ್ಟು ಎಥನಾಲ್ ಇರುವ ದ್ರವ ಕುಡಿಸಿದರೂ ಅದಕ್ಕೆ ಏನೂ ಆಗಲಿಲ್ಲ ಅಂತ 2024ರಲ್ಲಿ ವರದಿಯಾಯಿತು. ಜೇನ್ನೊಣ ಅಷ್ಟು ಗಟ್ಟಿ ಕುಡುಕ ಅಲ್ಲ.

ಬೇಕಾಗುವ ಸಾಮಾನು

ಪಟ್ಟಿ ದೊಡ್ಡದೇನಲ್ಲ. ಐಸ್, ಸಣ್ಣ ಗಾಜಿನ ಬಾಟಲಿಗಳು, ಲ್ಯಾಬಿನಲ್ಲಿ ಸಿಗುವ 1 ಮಿ.ಲೀ. ಪಿಪೆಟ್ ಟಿಪ್ಪುಗಳು, ಅಂಟು ಟೇಪು, ಟೂತ್‌ಪಿಕ್, ಸಕ್ಕರೆ, ಸ್ಟಾಪ್‌ವಾಚ್ (ಮೊಬೈಲಿನದೇ ಸಾಕು), 20 ಮಿ.ಲೀ. ಸಿರಿಂಜುಗಳು, ಫಿಲ್ಟರ್ ಪೇಪರ್, ಲವಂಗದೆಣ್ಣೆ ಮತ್ತು ಲ್ಯಾವೆಂಡರ್ ಎಣ್ಣೆಯಂಥ ಎರಡು ಬೇರೆ ಬೇರೆ ವಾಸನೆಗಳು, ವಾಸನೆಯನ್ನು ಹೊರಗೆಳೆಯಲು ಒಂದು ಸಣ್ಣ ಎಕ್ಸಾಸ್ಟ್ ಫ್ಯಾನು. ಮೈಕ್ರೋಪಿಪೆಟ್ ಇಲ್ಲದಿದ್ದರೆ ಮೆಡಿಕಲ್ ಶಾಪಿನಲ್ಲಿ ಇನ್ಸುಲಿನ್ ಸಿರಿಂಜು ಕೇಳಿ. ಕಿತ್ತಳೆ ಮುಚ್ಚಳದ ಯು-100 ಸಿರಿಂಜಿನಲ್ಲಿ ಒಂದು ಯೂನಿಟ್ ಅಂದರೆ ಸರಿಯಾಗಿ 10 ಮೈಕ್ರೋಲೀಟರ್. ಕೆಂಪು ಮುಚ್ಚಳದ ಯು-40ರಲ್ಲಿ ಒಂದು ಯೂನಿಟ್ ಅಂದರೆ 25. ಎರಡನ್ನೂ ಕಲಸುಮೇಲೋಗರ ಮಾಡಿಕೊಂಡರೆ ಇಡೀ ದಿನದ ಕೆಲಸ ನೀರುಪಾಲು, ಆದ್ದರಿಂದ ಒಂದೇ ಬಗೆಯದನ್ನು ತನ್ನಿ. ಸೂಜಿ ತೆಗೆಯಲು ಬರದ ಸಿರಿಂಜಾದರೆ ಸೂಜಿಯ ತುದಿಯಲ್ಲಿ ಹನಿ ನಿಲ್ಲಿಸಿ ಕುಡಿಸಿ, ಚುಚ್ಚದ ಹಾಗೆ ನೋಡಿಕೊಳ್ಳಿ.

ಮದ್ಯ ಬೆರೆಸುವುದು

ಲ್ಯಾಬಿನ ಶುದ್ಧ ಎಥನಾಲ್ ಸಿಕ್ಕರೆ ಅದೇ ಒಳ್ಳೆಯದು. ಆದರೆ ಅದಕ್ಕೆ ಅಬಕಾರಿ ಇಲಾಖೆಯ ಅನುಮತಿ, ರಿಜಿಸ್ಟರು ಅಂತ ತಲೆನೋವಿದೆ, ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ. ಡಿನೇಚರ್ಡ್ ಸ್ಪಿರಿಟ್, ಸರ್ಜಿಕಲ್ ಸ್ಪಿರಿಟ್, ಸ್ಯಾನಿಟೈಸರ್ ಯಾವುದನ್ನೂ ಮುಟ್ಟಬೇಡಿ. ಅವುಗಳಲ್ಲಿ ಮೆಥನಾಲ್ ಅಥವಾ ಬೇರೆ ವಿಷ, ಬೇರೆ ವಾಸನೆ ಸೇರಿರುತ್ತದೆ. ನೊಣ ಸತ್ತರೆ ಯಾವುದರಿಂದ ಸತ್ತಿತು ಅಂತ ಹೇಳಲು ಆಗುವುದಿಲ್ಲ. ಉಳಿದದ್ದು ವೋಡ್ಕಾ. ಬಣ್ಣವಿಲ್ಲ, ಸುವಾಸನೆ ಸೇರಿಸದ್ದನ್ನೇ ಆರಿಸಿ. ವಿಸ್ಕಿ, ರಮ್ ಬೇಡ, ಅವುಗಳ ಬಣ್ಣ ಮತ್ತು ಘಾಟು ನಮ್ಮ ಪರೀಕ್ಷೆಗೇ ಅಡ್ಡ ಬರುತ್ತವೆ. ಇಲ್ಲಿ ಸಿಗುವ ವೋಡ್ಕಾ ಸಾಮಾನ್ಯವಾಗಿ ಶೇ. 42.8. ಬಾಟಲಿ ಮೇಲೆ ಬರೆದಿರುತ್ತದೆ, ನೋಡಿಕೊಳ್ಳಿ.

100 ಮಿ.ಲೀ. ಮಾಡುವ ಲೆಕ್ಕ ಹೀಗೆ. 51 ಗ್ರಾಂ ಸಕ್ಕರೆಯನ್ನು 40 ಮಿ.ಲೀ. ಬಿಸಿ ನೀರಿನಲ್ಲಿ ಕರಗಿಸಿ, ಪೂರ್ತಿ ಆರಲು ಬಿಡಿ. ಬಿಸಿ ಇರುವಾಗ ಮದ್ಯ ಸುರಿದರೆ ಅರ್ಧ ಗಾಳಿಗೆ ಹೋಗುತ್ತದೆ. ಆರಿದ ಮೇಲೆ ಶೇ. 1ರ ದ್ರಾವಣಕ್ಕೆ 2.3 ಮಿ.ಲೀ. ವೋಡ್ಕಾ, ಶೇ. 5ಕ್ಕೆ 11.7, ಶೇ. 10ಕ್ಕೆ 23.4 ಸೇರಿಸಿ. ಆಮೇಲೆ ನೀರು ಹಾಕಿ 100ಕ್ಕೆ ತನ್ನಿ. ನಾಲ್ಕನೆಯ ಬಾಟಲಿಗೆ ಮದ್ಯವಿಲ್ಲ, ಸಕ್ಕರೆ ಮಾತ್ರ ಅಷ್ಟೇ. ಮುಚ್ಚಳ ಭದ್ರವಾಗಿ ಹಾಕಿ, ಆಯಾ ದಿನ ಹೊಸದಾಗಿ ಮಾಡಿ. ನೆನ್ನೆಯದು ಬೇಡ.

ಇಲ್ಲಿ ಇನ್ನೊಂದು ಕೆಲಸ ಇದೆ, ಎಲ್ಲರೂ ಬಿಡುವುದು ಇದನ್ನೇ. ಬಾಟಲಿಗಳಿಗೆ ಅ, ಆ, ಇ, ಈ ಅಂತ ಹೆಸರು ಹಾಕುವುದು ನೊಣ ನೋಡುವವರಾಗಬಾರದು. ಬೇರೊಬ್ಬರು ಹಾಕಿ, ಯಾವುದು ಯಾವುದು ಅನ್ನುವ ಚೀಟಿಯನ್ನು ಲಕೋಟೆಯಲ್ಲಿಟ್ಟು ಮುಚ್ಚಲಿ. ಯಾವ ನೊಣ ಕುಡಿದಿದೆ ಅಂತ ಮೊದಲೇ ಗೊತ್ತಿದ್ದರೆ ಕಣ್ಣು ಮೋಸ ಮಾಡುತ್ತದೆ. ನಾಲಿಗೆ ಅರ್ಧ ಚಾಚಿದ್ದನ್ನು "ಇಲ್ಲ" ಅಂತ ಬರೆದುಕೊಳ್ಳುತ್ತೀರಿ.

ನೊಣ ಹಿಡಿದು ಕೂರಿಸುವುದು

ಪೆಟ್ಟಿಗೆಯ ಬಾಗಿಲಲ್ಲಿ ಹೊರಗೆ ಹಾರಲು ಹೊರಟ ನೊಣಗಳನ್ನು ಹಿಡಿಯಿರಿ. ಅವು ಮೇವು ತರುವ, ವಯಸ್ಸಾದ ನೊಣಗಳು. ಒಳಗೆ ಎರಿಯ ಮೇಲೆ ಮರಿಗಳಿಗೆ ಉಣಿಸುವ ಎಳೆಯ ನೊಣಗಳನ್ನು ಬೆರೆಸಬೇಡಿ, ವಯಸ್ಸು ಬೇರೆಯಾದರೆ ವರ್ತನೆಯೂ ಬೇರೆ. ಒಂದೊಂದು ಬಾಟಲಿಗೆ ಒಂದೊಂದೇ ನೊಣ. ಬಾಟಲಿಯನ್ನು ಐಸಿನಲ್ಲಿಟ್ಟು ನೊಣ ಅಲುಗಾಡುವುದು ನಿಲ್ಲಿಸಿದ ತಕ್ಷಣ ಹೊರಗೆ ತೆಗೆಯಿರಿ. ಎರಡು ಮೂರು ನಿಮಿಷ ಸಾಕು. ಜಾಸ್ತಿ ಹೊತ್ತು ಬಿಟ್ಟರೆ ಚಳಿಯೇ ಅದರ ಕಲಿಕೆಯನ್ನು ಕೆಡಿಸುತ್ತದೆ, ಆಮೇಲೆ ಪಾಪ ಮದ್ಯಕ್ಕೆ ಕೆಟ್ಟ ಹೆಸರು.

ಪಿಪೆಟ್ ಟಿಪ್ಪಿನ ಚೂಪು ತುದಿಯನ್ನು ಕತ್ತರಿಸಿ, ನೊಣದ ತಲೆ ಮಾತ್ರ ಹೊರಗೆ ಬರುವಷ್ಟು ತೂತು ಮಾಡಿ. ತುಡುವೆಗೆ ತೂತು ಇನ್ನೂ ಚಿಕ್ಕದಿರಲಿ. ನೊಣವನ್ನು ಹಿಂದಿನಿಂದ ಒಳಗೆ ಬಿಟ್ಟು, ತಲೆ ಹೊರಬಂದ ಮೇಲೆ ಕುತ್ತಿಗೆಯ ಹಿಂದೆ ಸಣ್ಣ ಟೇಪಿನ ಚೂರು ಅಂಟಿಸಿ. ಕುಡಿಮೀಸೆ (ತಲೆಯ ಮೇಲಿನ ಆಂಟೆನಾ) ಎರಡೂ, ನಾಲಿಗೆಯೂ ಸಲೀಸಾಗಿ ಆಡಬೇಕು. ಟೇಪು ಕುಡಿಮೀಸೆಗೆ ತಗುಲಿದರೆ ಆ ನೊಣವನ್ನು ಬಿಟ್ಟುಬಿಡಿ.

ಇಲ್ಲಿಂದ ಕನಿಷ್ಠ ಎರಡು ಗಂಟೆ ಅವು ಸುಧಾರಿಸಿಕೊಳ್ಳಲಿ. ನೆರಳಿರಲಿ, ಗಾಳಿ ಒಣಗಿರಬಾರದು. ಹಿಡಿದಾಗ ಒಂದರ ಹೊಟ್ಟೆ ತುಂಬಿರುತ್ತದೆ, ಇನ್ನೊಂದರದು ಖಾಲಿ. ಹಾಗಾಗಿ ಕೂರಿಸಿದ ಕೂಡಲೇ ಎಲ್ಲಕ್ಕೂ ಒಂದೇ ಅಳತೆಯ ಸಕ್ಕರೆ ನೀರು ಕೊಟ್ಟು, ಆಮೇಲೆ ಹಸಿವಾಗಲು ಬಿಡಿ. ಆಮೇಲೆ ಟೂತ್‌ಪಿಕ್ಕನ್ನು ಸಕ್ಕರೆ ನೀರಿನಲ್ಲಿ ಅದ್ದಿ ಕುಡಿಮೀಸೆಗೆ ಮುಟ್ಟಿಸಿ. ಹಸಿದ ನೊಣ ತಟ್ಟನೆ ನಾಲಿಗೆ ಚಾಚುತ್ತದೆ. ಚಾಚದೇ ಇದ್ದದ್ದನ್ನು ಈಗಲೇ ಪಕ್ಕಕ್ಕಿಡಿ. ಯಾವ ಗುಂಪಿಗೆ ಸೇರಬೇಕು ಅಂತ ನಿರ್ಧಾರವಾಗುವ ಮೊದಲೇ ಈ ಆಯ್ಕೆ ಮುಗಿಯಬೇಕು. ನಂತರ ತೆಗೆದರೆ ಕುಡಿದು ಮಂಕಾದವೇ ಜಾಸ್ತಿ ಹೊರಗೆ ಹೋಗಿ ಫಲಿತಾಂಶ ವಾಲುತ್ತದೆ.

ಎಷ್ಟು ಕುಡಿಸಬೇಕು

ಮೆಲ್ಲಿಫೆರಾಗೆ 10 ಮೈಕ್ರೋಲೀಟರ್ ಸಾಕು. ಎಲ್ಲ ಗುಂಪಿಗೂ ಅಷ್ಟೇ. ಮದ್ಯ ಜಾಸ್ತಿ ಹೋಗಲಿ ಅಂತ ಒಂದು ಗುಂಪಿಗೆ 20 ಕೊಟ್ಟರೆ ಸಕ್ಕರೆಯೂ ದುಪ್ಪಟ್ಟಾಗಿ ಹಸಿವು ಇಂಗುತ್ತದೆ. ಬದಲಾಗಬೇಕಾದದ್ದು ಮದ್ಯದ ಶೇಕಡಾವಾರು ಮಾತ್ರ.

ಒಂದು ಲೆಕ್ಕ ನೋಡಿ, ಮಜವಾಗಿದೆ. ಶೇ. 10ರ ದ್ರಾವಣ 10 ಮೈಕ್ರೋಲೀಟರ್ ಅಂದರೆ ಅದರಲ್ಲಿ 1 ಮೈಕ್ರೋಲೀಟರ್ ಎಥನಾಲ್, ತೂಕದಲ್ಲಿ ಸುಮಾರು 0.8 ಮಿಲಿಗ್ರಾಂ. ಮೆಲ್ಲಿಫೆರಾ ಕೆಲಸಗಾರ ನೊಣದ ತೂಕ ಸುಮಾರು 100 ಮಿಲಿಗ್ರಾಂ. ಅಂದರೆ ಕಿಲೋಗೆ 8 ಗ್ರಾಂ. 70 ಕಿಲೋ ತೂಗುವ ಮನುಷ್ಯ 60 ಮಿ.ಲೀ. ಪೆಗ್ಗಿನ ಲೆಕ್ಕದಲ್ಲಿ 27 ಪೆಗ್ ಒಂದೇ ಗುಟುಕಿಗೆ ಕುಡಿದ ಹಾಗೆ! ಮನುಷ್ಯನಾದರೆ ಬದುಕುವುದು ಕಷ್ಟ. ನೊಣ ಬದುಕುತ್ತದೆ, ತೂರಾಡುತ್ತದೆ, ಎಷ್ಟೋ ಸಲ ನಡೆದಾಡುತ್ತಲೂ ಇರುತ್ತದೆ.

ಯಾಕೆ ಅಂದರೆ ಕುಡಿದದ್ದೆಲ್ಲ ಒಮ್ಮೆಗೇ ಅದರ ರಕ್ತಕ್ಕೆ ಹೋಗುವುದಿಲ್ಲ. ಮಕರಂದ ಹೊತ್ತು ತರಲು ನೊಣಕ್ಕೆ ಒಂದು ಜೇನುಚೀಲ ಇದೆಯಲ್ಲ, ಕುಡಿದದ್ದು ಮೊದಲು ಅಲ್ಲಿ ಕೂರುತ್ತದೆ. ಅದಕ್ಕೂ ಜೀರ್ಣವಾಗುವ ಹೊಟ್ಟೆಗೂ ನಡುವೆ ಒಂದು ಕವಾಟ. ದೇಹಕ್ಕೆ ಬೇಕಾದಷ್ಟೇ ಒಳಗೆ ಬಿಡುತ್ತದೆ. ಆದ್ದರಿಂದ ನೀವು ಕುಡಿಸಿದ ಪ್ರಮಾಣ ಬೇರೆ, ಮಿದುಳಿಗೆ ತಲುಪಿದ ಪ್ರಮಾಣ ಬೇರೆ. ಒಹಾಯೊ ತಂಡ ನೊಣದ ದೇಹದ್ರವ ತೆಗೆದು ಅದರಲ್ಲಿ ಎಥನಾಲ್ ಎಷ್ಟಿದೆ ಅಂತ ಬೇರೆಯಾಗಿ ಅಳೆದದ್ದು ಇದಕ್ಕೇ. ನಮ್ಮ ಕಾಲೇಜು ಲ್ಯಾಬಿನಲ್ಲಿ ಅದು ಸಾಧ್ಯವಾಗದಿದ್ದರೂ ಎರಡು ಕೆಲಸ ಸಾಧ್ಯ. ಎಲ್ಲ ನೊಣಕ್ಕೂ ಒಂದೇ ಪ್ರಮಾಣದ ಹಸಿವು ಇರುವಂತೆ ನೋಡಿಕೊಳ್ಳಿ, ಏಕೆಂದರೆ ಹಸಿದ ನೊಣದ ಕವಾಟ ಬೇಗ ಬೇಗ ತೆರೆಯುತ್ತದೆ. ಮತ್ತೆ ಕುಡಿಸಿದ ಮೇಲೆ ಪರೀಕ್ಷೆಗೆ ಮುಂಚೆ ಕಾಯುವ ಹೊತ್ತು ಎಲ್ಲಕ್ಕೂ ಒಂದೇ ಇರಲಿ. 20 ನಿಮಿಷ ಇಟ್ಟುಕೊಳ್ಳಿ. ಒಂದಕ್ಕೆ 5 ನಿಮಿಷ, ಇನ್ನೊಂದಕ್ಕೆ 50 ನಿಮಿಷ ಆದರೆ ನೀವು ಅಳೆಯುತ್ತಿರುವುದು ಮದ್ಯವನ್ನಲ್ಲ, ನಿಮ್ಮ ನಿಧಾನವನ್ನು.

ಮೊದಲು ಕೈಕಾಲು ಹೇಗಿದೆ ನೋಡಿ

ಕಲಿಕೆಗೆ ಹೋಗುವ ಮೊದಲು, ಬೇರೆ ನೊಣಗಳಿಗೆ ಇದೇ ದ್ರಾವಣಗಳನ್ನು ಕುಡಿಸಿ ಚಲನೆ ನೋಡಿ. ಕೂರಿಸಿದ್ದನ್ನು ಬಿಡಿಸಿ ಪೆಟ್ರಿ ಡಿಶ್ ಒಳಗೆ ಒಂದೊಂದನ್ನೇ ಬಿಡಿ, ಮುಚ್ಚಳಕ್ಕೆ ಒಂದೆರಡು ಸಣ್ಣ ತೂತು ಇರಲಿ. ಪ್ರತಿ 30 ಸೆಕೆಂಡಿಗೆ ಒಮ್ಮೆ ನೋಡಿ ಒಂದೇ ಪದ ಬರೆಯಿರಿ: ನಡೆಯುತ್ತಿದೆ, ನಿಂತಿದೆ, ಮೈ ಉಜ್ಜಿಕೊಳ್ಳುತ್ತಿದೆ, ಹಾರಲು ನೋಡುತ್ತಿದೆ, ಅಂಗಾತ ಬಿದ್ದಿದೆ. ನಡುವೆ ಏನೇನೋ ಮಾಡಿದರೂ ಆ ಗಳಿಗೆಯದ್ದನ್ನೇ ಬರೆಯಬೇಕು. ಅರ್ಧ ಗಂಟೆ ಹೀಗೆ. ಮೊಬೈಲಿನಲ್ಲಿ ವಿಡಿಯೊ ಹಿಡಿದು ಆಮೇಲೆ ಎಣಿಸಿದರೂ ನಡೆಯುತ್ತದೆ, ಇನ್ನೂ ಒಳ್ಳೆಯದೇ.

ಇದು ಬರೀ ತಮಾಷೆಗಲ್ಲ. ಶೇ. 10ರಲ್ಲಿ ನೊಣ ಸುಮಾರು ಹೊತ್ತು ಅಂಗಾತ ಬೀಳುತ್ತಿದ್ದರೆ, ಆ ಪ್ರಮಾಣದಲ್ಲಿ ಅದು ಕಲಿಯಲಿಲ್ಲ ಅಂತ ಹೇಳಲು ನಿಮಗೆ ಹಕ್ಕಿಲ್ಲ. ಶೇ. 5ರಲ್ಲಿ ಸರಿಯಾಗಿ ನಡೆದಾಡುತ್ತಲೇ ಇದ್ದು ಕಲಿಕೆಯಲ್ಲಿ ಮಾತ್ರ ಹಿಂದೆ ಬಿದ್ದರೆ, ಆಗ ವಿಷಯ ಕುತೂಹಲಕಾರಿ. ನೀವು ಹುಡುಕಬೇಕಾದದ್ದು ಆ ನಡುವಿನ ಪ್ರಮಾಣವನ್ನು.

ವಾಸನೆ ಕಲಿಸುವುದು

ಈ ವಿಧಾನ ಹಳೆಯದು. ಜಪಾನಿನ ಕುವಾಬಾರಾ 1957ರಲ್ಲಿ ಕೂರಿಸಿದ ನೊಣಕ್ಕೆ ಪಾಠ ಮಾಡಬಹುದು ಅಂತ ತೋರಿಸಿದರು. ಬಿಟ್ಟರ್‌ಮನ್, ಮೆನ್ಜೆಲ್ ಮತ್ತು ಜೊತೆಗಾರರು 1983ರಲ್ಲಿ ಅದನ್ನು ಇವತ್ತು ಎಲ್ಲರೂ ಬಳಸುವ ರೂಪಕ್ಕೆ ತಂದರು. ಪಾವ್ಲೊವ್‌ನ ನಾಯಿ ಗಂಟೆ ಸದ್ದಿಗೆ ಜೊಲ್ಲು ಸುರಿಸಿದಂತೆ, ಇಲ್ಲಿ ನೊಣ ವಾಸನೆಗೆ ನಾಲಿಗೆ ಚಾಚುತ್ತದೆ. ಸುಮಾರು 10 ಲಕ್ಷ ನರಕೋಶಗಳ ಮಿದುಳು ಇದನ್ನು ಎರಡು ಮೂರು ಸರ್ತಿಗೇ ಕಲಿಯುತ್ತದೆ ಅನ್ನುವುದು ಪ್ರತಿ ಸಲ ನೋಡಿದಾಗಲೂ ನನಗೆ ಸೋಜಿಗ.

ಸಿರಿಂಜಿನ ಒಳಗೆ ಲವಂಗದೆಣ್ಣೆ ತಾಗಿಸಿದ ಫಿಲ್ಟರ್ ಪೇಪರ್ ಚೂರು ಇಡಿ. ನೊಣದ ಹಿಂದೆ ಫ್ಯಾನು ಹೊರಗೆ ಎಳೆಯುತ್ತಿರಲಿ, ಇಲ್ಲದಿದ್ದರೆ ಕೋಣೆಯೆಲ್ಲ ಲವಂಗ ಘಮ್ಮೆಂದು ಯಾವಾಗ ವಾಸನೆ ಶುರುವಾಯಿತು ಅಂತ ನೊಣಕ್ಕೇ ತಿಳಿಯುವುದಿಲ್ಲ. ನೊಣವನ್ನು ಜಾಗಕ್ಕೆ ತಂದಿಟ್ಟು 15 ಸೆಕೆಂಡು ಬಿಡಿ. ಸಿರಿಂಜಿನಿಂದ ಮೆತ್ತಗೆ ಗಾಳಿ ಒತ್ತಿ, ಒಟ್ಟು 4 ಸೆಕೆಂಡು. ಮೊದಲ 3 ಸೆಕೆಂಡಿನಲ್ಲಿ ನಾಲಿಗೆ ಹೊರಬಂತಾ ನೋಡಿ, ಬಂದರೆ 1, ಬಾರದಿದ್ದರೆ 0. ಮೂರನೆಯ ಸೆಕೆಂಡಿಗೆ ಸಕ್ಕರೆ ನೀರಿನ ಟೂತ್‌ಪಿಕ್ಕನ್ನು ಕುಡಿಮೀಸೆಗೆ ಮುಟ್ಟಿಸಿ, ನಾಲಿಗೆ ಚಾಚಿದಾಗ ಒಂದೆರಡು ಸೆಕೆಂಡು ನೆಕ್ಕಲು ಬಿಡಿ. ಈ ಸಕ್ಕರೆ ನೀರಿನಲ್ಲಿ ಮದ್ಯ ಇರಬಾರದು. ಸಕ್ಕರೆ ಮುಟ್ಟಿಸಿದ ಮೇಲೆ ಚಾಚಿದ್ದನ್ನು ಕಲಿಕೆ ಅಂತ ಎಣಿಸಬೇಡಿ, ಅದು ರುಚಿಗೆ ಬಂದದ್ದು.

ಹತ್ತು ನಿಮಿಷ ಬಿಟ್ಟು ಮತ್ತೆ. ಒಟ್ಟು ಆರು ಸರ್ತಿ. ಒಂದು ನೊಣಕ್ಕೆ ಅರ್ಧ ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಬೇಕಾಗುವುದರಿಂದ, ಹತ್ತು ನಿಮಿಷದ ಸುತ್ತಿನಲ್ಲಿ ಒಬ್ಬರು 16 ನೊಣ ನೋಡಬಹುದು, ಅಂದರೆ ನಾಲ್ಕು ಗುಂಪಿನಿಂದ ನಾಲ್ಕು ನಾಲ್ಕು. ಗುಂಪುಗಳನ್ನು ಬೆರೆಸಿ ಸಾಲು ಮಾಡಿ. ಬೆಳಿಗ್ಗೆ ಮದ್ಯವಿಲ್ಲದವು, ಮಧ್ಯಾಹ್ನ ಮದ್ಯದವು ಅಂತ ಮಾಡಿದರೆ ಮಧ್ಯಾಹ್ನದ ಸೆಖೆಯ ಪರಿಣಾಮವೂ ಮದ್ಯದ ಲೆಕ್ಕಕ್ಕೆ ಬೀಳುತ್ತದೆ. ಗುಂಪಿಗೆ ಇಪ್ಪತ್ತಕ್ಕಿಂತ ಕಮ್ಮಿ ನೊಣ ಇದ್ದರೆ ತೀರ್ಮಾನ ಹೇಳಲು ಹೋಗಬೇಡಿ, ಕೆಲವು ದಿನ ಸೇರಿಸಿ ಮಾಡಿ.

ಮೊದಲ ಸರ್ತಿಗೇ ವಾಸನೆಗೆ ನಾಲಿಗೆ ಚಾಚುವ ಜಾಣ ನೊಣಗಳು ಕೆಲವು ಇರುತ್ತವೆ. ಅವು ಪಾಠಕ್ಕೆ ಮುಂಚೆಯೇ ಚಾಚುತ್ತಿವೆ, ಆದ್ದರಿಂದ ಅವನ್ನು ಲೆಕ್ಕದಿಂದ ಬಿಡಿ. ಎಷ್ಟು ಬಿಟ್ಟಿರಿ, ಯಾವ ಗುಂಪಿನಿಂದ ಬಿಟ್ಟಿರಿ ಅಂತ ಬರೆದಿಡಿ.

ಈಗ ಅಸಲು ಪ್ರಶ್ನೆ

ಆರು ಸರ್ತಿ ಮುಗಿಯಿತು. ಮದ್ಯವಿಲ್ಲದವು ಬಹುಪಾಲು ನಾಲಿಗೆ ಚಾಚುತ್ತಿವೆ, ಶೇ. 10ರವು ಅಷ್ಟು ಚಾಚುತ್ತಿಲ್ಲ. ಇಲ್ಲಿಗೇ ನಿಲ್ಲಿಸಿ ಗ್ರಾಫ್ ಬಿಡಿಸುವ ಆಸೆ ಬರುತ್ತದೆ. ನಿಲ್ಲಿಸಬೇಡಿ.

ಮೊದಲನೆಯದು ಸುಲಭ. ಪ್ರತಿ ನೊಣದ ಕುಡಿಮೀಸೆಗೆ ಮತ್ತೆ ಸಕ್ಕರೆ ನೀರು ಮುಟ್ಟಿಸಿ. ಈಗಲೂ ನಾಲಿಗೆ ಚಾಚಿದರೆ ಅದಕ್ಕೆ ಹಸಿವೂ ಇದೆ, ರುಚಿಯೂ ತಿಳಿಯುತ್ತಿದೆ, ನಾಲಿಗೆಯ ಸ್ನಾಯುವೂ ಕೆಲಸ ಮಾಡುತ್ತಿದೆ. ಆಗ ವಾಸನೆಗೆ ಚಾಚದಿದ್ದದ್ದಕ್ಕೆ ಬೇರೆ ಕಾರಣ ಇದೆ. ಸಕ್ಕರೆಗೂ ಚಾಚದಿದ್ದರೆ ಆ ನೊಣದಿಂದ ಕಲಿಕೆಯ ಬಗ್ಗೆ ಏನೂ ಹೇಳಲಾಗದು. ಈ ಒಂದು ನಿಮಿಷದ ಕೆಲಸವನ್ನು ಬಿಟ್ಟ ಪ್ರಾಜೆಕ್ಟನ್ನು ನಾನಾದರೆ ವಾಪಸ್ ಕಳಿಸುತ್ತೇನೆ.

ಎರಡನೆಯದಕ್ಕೆ ಒಂದು ರಾತ್ರಿ ಬೇಕು. ಸಂಜೆ ಎಲ್ಲಕ್ಕೂ ಹೊಟ್ಟೆ ತುಂಬ ಮದ್ಯವಿಲ್ಲದ ಸಕ್ಕರೆ ನೀರು ಕೊಟ್ಟು, ಒದ್ದೆ ಬಟ್ಟೆ ಇಟ್ಟ ಕತ್ತಲೆ ಡಬ್ಬಿಯಲ್ಲಿ ಇಡಿ. ಮರುದಿನ, ಪಾಠ ಮುಗಿದು 24 ಗಂಟೆಗೆ, ಅಮಲು ಇಳಿದ ಮೇಲೆ ಲವಂಗದ ವಾಸನೆ ಮಾತ್ರ ಕೊಡಿ, ಸಕ್ಕರೆ ಬೇಡ. ನಿನ್ನೆ ಸುಮ್ಮನಿದ್ದ ನೊಣ ಇವತ್ತು ತಟ್ಟನೆ ನಾಲಿಗೆ ಚಾಚಿದರೆ? ಅದು ನಿನ್ನೆಯೇ ಕಲಿತಿತ್ತು, ತೋರಿಸಲು ಆಗಿರಲಿಲ್ಲ ಅಷ್ಟೇ. ಇವತ್ತೂ ಚಾಚದಿದ್ದರೆ ಪಾಠ ಒಳಗೆ ಇಳಿದೇ ಇರಲಿಲ್ಲ, ಅಥವಾ ಇಳಿದದ್ದು ಉಳಿಯಲಿಲ್ಲ. ಪಾಠದ ನಂತರ ಒಂದು ಗಂಟೆಗೆ ಇನ್ನೊಂದು ಪರೀಕ್ಷೆ ಇಟ್ಟರೆ ಇನ್ನಷ್ಟು ಬಿಡಿಸಿ ಹೇಳಬಹುದು.

ಇದನ್ನೇ ತಿರುಗಿಸಿಯೂ ಮಾಡಬಹುದು. ಬೇರೆ ನೊಣಗಳಿಗೆ ಮದ್ಯವಿಲ್ಲದೆ ಪಾಠ ಮಾಡಿ, ಮರುದಿನ ಮದ್ಯ ಕುಡಿಸಿ ಪರೀಕ್ಷಿಸಿ. ಚೆನ್ನಾಗಿ ಕಲಿತದ್ದನ್ನು ಅಮಲಿನಲ್ಲಿ ನೆನಪಿಸಿಕೊಳ್ಳುತ್ತದಾ ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಎರಡೂ ಪರೀಕ್ಷೆಯ ಉತ್ತರ ಒಟ್ಟಿಗೆ ಇಟ್ಟಾಗ ಮಾತ್ರ ಮದ್ಯ ಕಲಿಕೆಗೆ ಹೊಡೆತ ಕೊಟ್ಟಿತೋ, ನೆನಪಿಗೋ, ಬರೀ ಮೈಗೋ ಅಂತ ಬಾಯಿಬಿಡಬಹುದು.

ಮೂರನೆಯದು ಎರಡನೇ ಎಣ್ಣೆಯ ಕೆಲಸ. ಲವಂಗ ಕಲಿಸಿ, ಪರೀಕ್ಷೆಯ ದಿನ ಲ್ಯಾವೆಂಡರನ್ನೂ ಕೊಟ್ಟು ನೋಡಿ, ಯಾವುದು ಮೊದಲು ಅನ್ನುವುದನ್ನು ನೊಣದಿಂದ ನೊಣಕ್ಕೆ ಬದಲಿಸುತ್ತಾ. ಯಾವ ವಾಸನೆ ಬಂದರೂ ನಾಲಿಗೆ ಚಾಚುವ ನೊಣ ಲವಂಗ ಕಲಿತಿದೆ ಅನ್ನುವಂತಿಲ್ಲ. 2008ರ ಕೆಲಸದಲ್ಲಿ ಬರೀ ಕಲಿಕೆಯ ಅಂಕಿ ಕೊಡದೆ ವ್ಯತ್ಯಾಸ ಹಿಡಿಯುವ ಶಕ್ತಿಯನ್ನೂ ಅಳೆದದ್ದು ನನಗೆ ಹಿಡಿಸಿದ ಭಾಗ. ಹೂವಿನಿಂದ ಹೂವಿಗೆ ಹೋಗುವ ಹುಳಕ್ಕೆ, ಮಕರಂದ ಇರುವ ಹೂವು ಯಾವುದು ಇಲ್ಲದ್ದು ಯಾವುದು ಅಂತ ತಿಳಿಯದಿದ್ದರೆ ಕಲಿತದ್ದು ಯಾವ ಉಪಯೋಗಕ್ಕೆ, ಅಲ್ವಾ?

ಪುರುಸೊತ್ತಿದ್ದರೆ ಇನ್ನೊಂದು ಗುಂಪು ಸೇರಿಸಿ. ಅದಕ್ಕೆ ವಾಸನೆಯೂ ಸಿಗುತ್ತದೆ, ಸಕ್ಕರೆಯೂ ಸಿಗುತ್ತದೆ, ಆದರೆ ಐದು ನಿಮಿಷದ ಅಂತರದಲ್ಲಿ ಬೇರೆ ಬೇರೆಯಾಗಿ. ಆ ಗುಂಪೂ ವಾಸನೆಗೆ ಚಾಚತೊಡಗಿದರೆ ನಿಮ್ಮ ಪಾಠದಲ್ಲೇ ಏನೋ ಐಬಿದೆ.

ಅಂಕಿಗಳಿಗೆ ದೊಡ್ಡ ಸಾಫ್ಟ್‌ವೇರ್ ಬೇಡ. ಪ್ರತಿ ಸರ್ತಿಗೆ ಪ್ರತಿ ಗುಂಪಿನಲ್ಲಿ ಶೇಕಡ ಎಷ್ಟು ಚಾಚಿದವು ಅಂತ ಗೆರೆ ಎಳೆಯಿರಿ. 24 ಗಂಟೆಯ ಫಲಿತಾಂಶವನ್ನು ಫಿಶರ್ ಪರೀಕ್ಷೆಯಲ್ಲಿ (ಗುಂಪುಗಳ ವ್ಯತ್ಯಾಸ ಬರೀ ಆಕಸ್ಮಿಕವಾ ಅಂತ ಹೇಳುವ ಸಂಖ್ಯಾಶಾಸ್ತ್ರದ ಲೆಕ್ಕ) ಹೋಲಿಸಿ. ಲಕೋಟೆ ಒಡೆಯುವುದು ಎಲ್ಲ ಎಣಿಸಿ ಮುಗಿದ ಮೇಲೆ.

ದಿನಾ ಕುಡಿದರೆ

ಮೇಲೆ ಹೇಳಿದ್ದೆಲ್ಲ ಒಂದು ಸಲ ಕುಡಿಸಿ ನೋಡುವುದು. ಪೋಲೆಂಡಿನ ಕ್ರಾಕೋವ್ ನಗರದ ಯಾಗಿಯೆಲೋನಿಯನ್ ವಿಶ್ವವಿದ್ಯಾಲಯದವರು 2021ರಲ್ಲಿ ಬೇರೆ ಪ್ರಶ್ನೆ ಕೇಳಿದರು. ದಿನಗಟ್ಟಲೆ ಮದ್ಯ ಬೆರೆತ ಆಹಾರ ತಿಂದ ನೊಣಕ್ಕೆ ಒಮ್ಮೆಲೇ ಅದು ತಪ್ಪಿದರೆ ಏನಾಗುತ್ತದೆ? ಅಂಥ ನೊಣಗಳು ಮತ್ತೆ ಮದ್ಯ ಸಿಕ್ಕಾಗ ಜಾಸ್ತಿ ಕುಡಿದವು, ಸಾವೂ ಸ್ವಲ್ಪ ಹೆಚ್ಚಿತು. ಕುಡಿತ ಬಿಟ್ಟಾಗ ಮನುಷ್ಯರಲ್ಲಿ ಕಾಣುವುದಕ್ಕೆ ಇದು ಹತ್ತಿರವಾದದ್ದು. ಇದನ್ನು ಮಾಡಲು ಪಂಜರದಲ್ಲಿ ನೊಣ ಸಾಕಬೇಕು, ವಾರಗಟ್ಟಲೆ ನೋಡಬೇಕು. ಮೊದಲ ಪ್ರಯೋಗಕ್ಕೆ ಆರಿಸಬೇಡಿ.

ಗೂಡಿನ ಒಳಗಿನ ಕಥೆ ನೋಡಲು ಗಾಜಿನ ಪೆಟ್ಟಿಗೆ ಬೇಕು. ಸ್ಲೊವೇನಿಯಾದ ಯಾಂಕೊ ಬೋಜಿಚ್ ಅವರು ಅಬ್ರಾಮ್‌ಸನ್ ಜೊತೆ ಸೇರಿ 2006ರಲ್ಲಿ ಇದನ್ನು ನೋಡಿದ್ದಾರೆ. ಮದ್ಯ ಕುಡಿದು ಗೂಡಿಗೆ ಮರಳಿದ ನೊಣಗಳಲ್ಲಿ, ಹೂವಿನ ದಿಕ್ಕು ದೂರ ತಿಳಿಸುವ ಓಲಾಟದ ಕುಣಿತ ಕಮ್ಮಿಯಾಯಿತು, ಮೈ ನಡುಗಿಸುವ ಇನ್ನೊಂದು ಬಗೆಯ ಕುಣಿತ ಹೆಚ್ಚಿತು. ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ತಂದುಕೊಟ್ಟದ್ದು ಆ ಓಲಾಟದ ಕುಣಿತದ ಅಧ್ಯಯನವೇ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲಿ ನಮ್ಮ ತುಡುವೆ, ಹೆಜ್ಜೇನು, ಕೋಲುಜೇನುಗಳ ಕುಣಿತದ ಮೇಲೆ ಒಳ್ಳೆಯ ಕೆಲಸ ನಡೆದಿದೆ. ಆಸಕ್ತಿ ಇದ್ದವರು ಅದನ್ನು ಓದಿ ಶುರು ಮಾಡಬಹುದು.

ಆದರೆ ಒಂದು ಎಚ್ಚರಿಕೆ. ಅಂಗಳದಲ್ಲಿ ತಟ್ಟೆಗೆ ಮದ್ಯದ ಪಾಕ ಸುರಿದು ಯಾವ ನೊಣ ಬರುತ್ತದೋ ಬರಲಿ ಅಂತ ಬಿಡಬೇಡಿ. ನಿಮ್ಮದಲ್ಲದ ಗೂಡಿನ ನೊಣಗಳೂ ಬರುತ್ತವೆ, ಪಾಕಕ್ಕೆ ಕಚ್ಚಾಟ ಶುರುವಾಗಿ ಬಲವಾದ ಗೂಡು ದುರ್ಬಲ ಗೂಡನ್ನು ದೋಚುತ್ತದೆ, ಕುಡಿದದ್ದರಲ್ಲಿ ಸ್ವಲ್ಪ ಯಾರದೋ ಎರಿಗೆ ಸೇರಿ ಅವರ ಜೇನುತುಪ್ಪ ಆಗುತ್ತದೆ. ಗುರುತು ಹಚ್ಚಿದ ಕೆಲವೇ ನೊಣಕ್ಕೆ ಕೈಯಾರೆ ಕುಡಿಸಿ.

ಪೆಟ್ಟಿಗೆ ಇಟ್ಟವರಿಗೆ

"ಇದೆಲ್ಲ ಲ್ಯಾಬಿನವರ ಆಟ, ನಮಗೇನು" ಅಂತ ಕೇಳುವವರಿದ್ದಾರೆ. ಸಹಜವೇ. ಹೂವಿನ ಮಕರಂದದಲ್ಲಿ ಯೀಸ್ಟ್ ಸೇರಿ ಅಲ್ಪಸ್ವಲ್ಪ ಮದ್ಯ ಆಗುವುದುಂಟು. ಕಳ್ಳು ಇಳಿಸುವ ಕಡೆ ಮಡಕೆಗೆ ಜೇನ್ನೊಣ ಮುತ್ತುವುದನ್ನೂ ನೋಡಿರುತ್ತೀರಿ. ಆದರೆ ಪೆಟ್ಟಿಗೆಯ ನೊಣಕ್ಕೆ ಮದ್ಯ ಕುಡಿಸುವವರು ಜಾಸ್ತಿ ನಾವೇ. ಮಳೆಗಾಲದಲ್ಲಿ ಮೇವಿಲ್ಲ ಅಂತ ಸಕ್ಕರೆ ಪಾಕ ಇಡುತ್ತೇವೆ, ನೊಣ ಮುಗಿಸದಿದ್ದರೆ ಅದು ಅಲ್ಲೇ ಹುಳಿ ಬರುತ್ತದೆ. ಒಂದೆರಡು ದಿನದಲ್ಲಿ ಮುಗಿಯುವಷ್ಟೇ ಇಡಿ, ಗುಳ್ಳೆ ಬಂದದ್ದನ್ನು ಚೆಲ್ಲಿ ಪಾತ್ರೆ ಬಿಸಿ ನೀರಿನಲ್ಲಿ ತೊಳೆಯಿರಿ. ನೀರಿನಂಶ ಶೇ. 20 ದಾಟಿದ ಜೇನುತುಪ್ಪವೂ ಹುಳಿಯುತ್ತದೆ. ಮಲೆನಾಡಿನ ತುಡುವೆ ತುಪ್ಪದಲ್ಲಿ ಇದು ಮಾಮೂಲು. ಹುಳಿದ ತುಪ್ಪ ಮಾರಲು ಆಗದಿದ್ದರೆ ನೊಣಕ್ಕೇ ವಾಪಸ್ ಕೊಡೋಣ ಅನ್ನುವ ಲೆಕ್ಕಾಚಾರ ಬೇಡ, ಹೊಟ್ಟೆ ಕೆಟ್ಟು ಪೆಟ್ಟಿಗೆಯೆಲ್ಲ ಗಲೀಜು ಮಾಡುತ್ತವೆ.

ಪೆಟ್ಟಿಗೆಯ ಮುಂದೆ ನೊಣಗಳು ತೂರಾಡುತ್ತಾ, ನಡುಗುತ್ತಾ, ಗಿರಗಿರ ಸುತ್ತುತ್ತಾ ಬಿದ್ದಿದ್ದರೆ ಮಾತ್ರ ಕಳ್ಳಿನ ಮೇಲೆ ಅನುಮಾನ ಪಡುವುದಕ್ಕೆ ಮುಂಚೆ ಅಕ್ಕಪಕ್ಕದ ತೋಟದಲ್ಲಿ ಯಾರು ಏನು ಸಿಂಪಡಿಸಿದರು ಅಂತ ವಿಚಾರಿಸಿ. ಸತ್ತ ನೊಣಗಳ ನಾಲಿಗೆ ಹೊರಚಾಚಿಕೊಂಡಿದ್ದರೆ ಕೀಟನಾಶಕದ ಅನುಮಾನ ಇನ್ನೂ ಗಟ್ಟಿ. ಆಗ ಸತ್ತ ನೊಣಗಳನ್ನು ಕವರಿಗೆ ಹಾಕಿ ಫ್ರೀಜರಿನಲ್ಲಿಟ್ಟು, ದಿನಾಂಕ ಬರೆದು, ಹತ್ತಿರದ ಕೃಷಿ ವಿಶ್ವವಿದ್ಯಾಲಯದ ಜೇನು ವಿಭಾಗದವರಿಗೆ ಫೋನ್ ಮಾಡಿ. ಅವತ್ತು ಸಂಜೆ ನೊಣ ಒಳಗೆ ಸೇರಿದ ಮೇಲೆ ಬಾಗಿಲಿಗೆ ಜಾಲರಿ ಹಾಕಿ, ಗಾಳಿಯಾಡುವಂತೆ ನೋಡಿಕೊಂಡು, ಸಿಂಪಡಣೆ ಮುಗಿಯುವವರೆಗೆ ಪೆಟ್ಟಿಗೆಯನ್ನು ಬೇರೆ ಕಡೆಗೆ ಸಾಗಿಸಿ.